ಹೆಸರಿಲ್ಲದ ತಯಾರಕರ ಗಿಟಾರ್ ಪಿಕಪ್: ಅಳೆದು ಕೊಳ್ಳುವ ಬಗೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಖರೀದಿದಾರನು ರಾಶಿಯ ಮುಂದೆ ನಿಂತಾಗ ಮೊದಲು ಮಾಡುವ ಕೆಲಸ ರಾಶಿಯೊಳಗೆ ಕೈ ಹಾಕುವುದು. ಕಾಯಿಯ ಸುಕ್ಕು, ಬಣ್ಣ, ತೇವ, ತೊಟ್ಟು ಇವೆಲ್ಲವನ್ನೂ ನೋಡಿದ ನಂತರವೇ ಅವನು ದರ ನಮೂದಿಸುತ್ತಾನೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದ್ದರೂ ಆ ಹೆಸರೊಂದನ್ನೇ ನಂಬಿ ಹಣ ಎಣಿಸುವ ವ್ಯಾಪಾರಸ್ಥರು ನಮ್ಮಲ್ಲಿಲ್ಲ. ಬೀಜೋತ್ಪಾದನೆಗೆ ಹೆಸರಾದ ರಾಣೇಬೆನ್ನೂರಿನ ಸೀಮೆಯಲ್ಲಿಯೂ ಇದೇ ರೀತಿ. ಹೊಸ ಕಂಪನಿಯ ಬೀಜವನ್ನು ವಿವೇಕಿಯಾದ ರೈತನು ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ ಮಾತ್ರ ಬಿತ್ತಿ, ಮೊಳಕೆಯನ್ನೂ ಇಳುವರಿಯನ್ನೂ ಕಂಡು, ಆ ಮೇಲೆ ಮುಂದುವರಿಯುತ್ತಾನೆ.

ಪರೀಕ್ಷಿಸಿ ಕೊಳ್ಳುವ ಈ ಜಾಣ್ಮೆ ನಮ್ಮ ಜಿಲ್ಲೆಯ ವ್ಯಾಪಾರದ ರಕ್ತದಲ್ಲಿಯೇ ಇದೆ. ಆದರೆ ಪರಿಚಯವಿಲ್ಲದ ಸರಕು ಕೈಗೆ ಬಂದಾಗ ನಾವು ಅದನ್ನು ಬದಿಗಿಟ್ಟು ಎರಡು ತುದಿಗಳಲ್ಲಿ ಒಂದನ್ನು ಹಿಡಿಯುವುದುಂಟು. ದೊಡ್ಡ ಹೆಸರಿಗೆ ಹೆಚ್ಚಿನ ಬೆಲೆ ತೆರುವುದು ಒಂದು ತುದಿ. ಅಗ್ಗವೆಂಬ ಕಾರಣಕ್ಕೆ ಕಣ್ಣುಮುಚ್ಚಿ ಕೊಳ್ಳುವುದು ಇನ್ನೊಂದು ತುದಿ. ಈ ಎರಡರ ನಡುವಿನ ದಾರಿಯನ್ನು ಒಂದು ಸಣ್ಣ ವಸ್ತುವಿನ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ವಸ್ತು ವಿದ್ಯುತ್ ಗಿಟಾರಿನ ಪಿಕಪ್. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪಟ್ಟಣಗಳಲ್ಲಿ ಸಂಗೀತ ವಾದ್ಯ, ಎಲೆಕ್ಟ್ರಾನಿಕ್ಸ್ ಹಾಗೂ ಮೈಕ್‌ಸೆಟ್ ವ್ಯವಹಾರದಲ್ಲಿರುವವರಿಗೆ ಇದು ನೇರವಾಗಿ ಸಂಬಂಧಿಸಿದ ಸಂಗತಿ. ಮೋಟಾರು ರಿವೈಂಡಿಂಗ್ ಮಾಡುವ ಸಣ್ಣ ಉದ್ದಿಮೆದಾರರಿಗೆ ಇದರಲ್ಲಿ ಒಂದು ಅವಕಾಶವೂ ಅಡಗಿದೆ.

ಪಿಕಪ್ ಎಂದರೇನು?

ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ, ಕಟ್ಟಿಗೆಯ ಮೈಯಲ್ಲಿ ಕೂರಿಸಿರುವ ಬೆರಳುದ್ದದ ಪೆಟ್ಟಿಗೆಯೇ ಪಿಕಪ್. ಅದರಲ್ಲಿ ಮುಖ್ಯವಾಗಿ ಇರುವುದು ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ, ಕೂದಲೆಳೆಯಷ್ಟು ತೆಳುವಾದ ಎನಾಮಲ್ ಲೇಪನದ ತಾಮ್ರದ ತಂತಿ. ಗಿಟಾರಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರವು ಅಲುಗುತ್ತದೆ. ಆ ಅಲುಗಾಟದಿಂದ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನೇ ಆಂಪ್ಲಿಫೈಯರ್ ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಡುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವಿದು. ಸೈಕಲ್ಲಿನ ಡೈನಮೊ ನಡೆಯುವುದೂ ಇದರಿಂದಲೇ. ಉಕ್ಕಿನ ತಂತಿ ಇದ್ದರೆ ಮಾತ್ರ ಈ ಪಿಕಪ್ ಕೆಲಸ ಮಾಡುತ್ತದೆ. ನೈಲಾನ್ ತಂತಿಯ ಗಿಟಾರಿಗೆ ಇದನ್ನು ಕೂರಿಸಿದರೆ ಧ್ವನಿ ಬಾರದು.

ಪಿಕಪ್‌ಗಳಲ್ಲಿ ಪ್ರಧಾನವಾಗಿ ಎರಡು ಬಗೆ. ಒಂದೇ ಸುರುಳಿಯಿರುವುದು ಸಿಂಗಲ್ ಕಾಯಿಲ್. ಇದರ ಧ್ವನಿ ಸ್ಪಷ್ಟವೂ ತೀಕ್ಷ್ಣವೂ ಆಗಿರುತ್ತದೆ. ಆದರೆ ಸುತ್ತಮುತ್ತಲಿನ ವಿದ್ಯುತ್ ಮಾರ್ಗಗಳ 50 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆಯನ್ನೂ ಅದು ಹಿಡಿದುಕೊಳ್ಳುತ್ತದೆ. ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ ಆ ಸದ್ದು ತನ್ನಿಂದ ತಾನೇ ರದ್ದಾಗುವಂತೆ ಮಾಡಿದ್ದು ಹಂಬಕರ್. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ ಇದಕ್ಕೆ 1955ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. 1959ರಲ್ಲಿ ಅದು ಮಂಜೂರಾಯಿತು.

ಇದರಲ್ಲಿ ಹಿಡಿಸುವ ತಂತಿಯ ಲೆಕ್ಕ ಕುತೂಹಲಕಾರಿಯಾಗಿದೆ. ಹಳೆಯ ಮಾದರಿಯ ಹಂಬಕರ್ ಒಂದರ ಪ್ರತಿ ಸುರುಳಿಯಲ್ಲಿ ಸುಮಾರು 5,000 ಸುತ್ತುಗಳಿರುತ್ತವೆ. ತಂತಿಯ ದಪ್ಪ ಸುಮಾರು 0.063 ಮಿಲಿಮೀಟರ್. ಪೂರ್ಣ ಪಿಕಪ್‌ನ ರೋಧ 8 ಕಿಲೋ ಓಮ್ ಎಂದಿಟ್ಟುಕೊಂಡರೆ ಅದರೊಳಗೆ ಸುಮಾರು ಒಂದೂವರೆ ಕಿಲೋಮೀಟರ್ ತಂತಿ ಸುತ್ತಿಕೊಂಡಿರುತ್ತದೆ. ಅಷ್ಟು ತಂತಿಯ ತೂಕವಾದರೋ 45 ಗ್ರಾಮ್‌ಗಿಂತ ಕಡಿಮೆ. ಎಂದರೆ ಒಂದು ಕಿಲೋ ತಂತಿಯಿಂದ ಇಪ್ಪತ್ತಕ್ಕೂ ಹೆಚ್ಚು ಪಿಕಪ್‌ಗಳಾಗುತ್ತವೆ. ಕಚ್ಚಾ ಮಾಲಿನ ಪ್ರಮಾಣ ಇಷ್ಟು ಅಲ್ಪವಾಗಿದ್ದರೂ ಪ್ರಸಿದ್ಧ ಪಾಶ್ಚಾತ್ಯ ಕಂಪನಿಯ ಒಂದು ಪಿಕಪ್ ಕೊಳ್ಳುವ ಹಣದಲ್ಲಿ ನಮ್ಮಲ್ಲಿ ಕಲಿಯುವವರ ಇಡೀ ಗಿಟಾರೇ ಬರುತ್ತದೆ. ಹಾಗಾದರೆ ಗ್ರಾಹಕನು ತೆರುವ ಬೆಲೆ ಯಾತಕ್ಕೆ? ಕೆಲಸದ ಏಕರೂಪತೆಗೆ ಸ್ವಲ್ಪ, ಸುಂಕ ಸಾಗಣೆಗಳಿಗೆ ಸ್ವಲ್ಪ, ಹೆಸರಿಗೆ ಬಹಳಷ್ಟು. ಅಪರಿಚಿತ ತಯಾರಕನು ಪ್ರವೇಶಿಸುವುದು ಈ ಮೂರನೆಯ ಭಾಗದ ಬಾಗಿಲಿನಿಂದ.

ಇಂದಿನ ದೊಡ್ಡ ಹೆಸರುಗಳೂ ಒಮ್ಮೆ ಸಣ್ಣವೇ

ಗಿಟಾರಿನ ಪಿಕಪ್ಪನ್ನು ಪ್ರತ್ಯೇಕ ಬದಲಿ ಭಾಗವಾಗಿ ಮಾರುವ ವ್ಯಾಪಾರ ಬಹಳ ಹಳೆಯದಲ್ಲ. ಮೊದಲು ಬಹುಮಟ್ಟಿಗೆ ಗಿಟಾರ್ ತಯಾರಿಸಿದವರೇ ಅದರೊಳಗಿನ ಪಿಕಪ್ಪನ್ನೂ ತಯಾರಿಸುತ್ತಿದ್ದರು. ಅಮೆರಿಕದ ಲ್ಯಾರಿ ಡಿಮಾರ್ಜಿಯೊ 1972ರಲ್ಲಿ ‘ಸೂಪರ್ ಡಿಸ್ಟಾರ್ಷನ್’ ಎಂಬ ಹೆಸರಿನ ಬದಲಿ ಪಿಕಪ್ಪನ್ನು ಹೊರತಂದರು. ಮೂಲ ಗಿಟಾರಿನ ಅದೇ ಕುಳಿಯಲ್ಲಿ ಕೂರುವಂತೆ, ಆದರೆ ಹೆಚ್ಚಿನ ಬಲದ ಧ್ವನಿ ಕೊಡುವಂತೆ ಅದನ್ನು ರೂಪಿಸಲಾಗಿತ್ತು. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಸೀಮೋರ್ ಡಂಕನ್ ಕಂಪನಿ ಆರಂಭವಾದದ್ದು 1976ರಲ್ಲಿ. ಇಂಗ್ಲೆಂಡಿನ ಬೇರ್ ನಕಲ್ ಸಂಸ್ಥೆ ಹುಟ್ಟಿದ್ದು 2003ರಲ್ಲಿ. ಇಂದು ಜಗತ್ತಿನಾದ್ಯಂತ ಹೆಸರುವಾಸಿಯಾದ ಇವರೆಲ್ಲರೂ ಸಣ್ಣ ಕಾರ್ಯಾಗಾರದಿಂದಲೇ ಮೇಲೆ ಬಂದವರು.

ಇವರಲ್ಲದೆ ದಕ್ಷಿಣ ಕೊರಿಯಾದ ಆರ್ಟೆಕ್, ಬ್ರಿಟಿಷ್ ವಿನ್ಯಾಸಕಾರ ಟ್ರೆವರ್ ವಿಲ್ಕಿನ್ಸನ್ ಅವರ ಹೆಸರಿನ ವಿಲ್ಕಿನ್ಸನ್ ಮುಂತಾದ ಕಡಿಮೆ ಬೆಲೆಯ ಪಿಕಪ್‌ಗಳು ಮಾರುಕಟ್ಟೆಗೆ ಬಂದವು. ಚೀನಾದ ಅನೇಕ ಕಾರ್ಯಾಗಾರಗಳು ಹೆಸರೇ ಇಲ್ಲದೆ, ಅಥವಾ ಕೊಳ್ಳುವವನು ಬಯಸಿದ ಹೆಸರು ಹಾಕಿ ಪಿಕಪ್ ಕಳುಹಿಸುತ್ತವೆ. ಇವುಗಳಲ್ಲಿ ಉತ್ತಮವಾದವೂ ಇವೆ, ಒಂದರಂತೆ ಇನ್ನೊಂದಿಲ್ಲದವೂ ಇವೆ. ಹೆಸರು ಜಾಮೀನಾಗದ ಈ ಸ್ಥಳದಲ್ಲಿ ಅಳತೆಯೇ ಜಾಮೀನು.

ನಮ್ಮ ವೇದಿಕೆಯ ಅಗತ್ಯವೇನು?

ಈ ವಾದ್ಯಕ್ಕೂ ನಮ್ಮ ನೆಲಕ್ಕೂ ಏನು ಸಂಬಂಧವೆಂದು ಕೆಲವರಿಗೆ ಅನ್ನಿಸಬಹುದು. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಬಾಳಿದ ಸಂತ ಶಿಶುನಾಳ ಶರೀಫರ ತತ್ತ್ವಪದಗಳು ಇಂದು ವಿದ್ಯುತ್ ಗಿಟಾರಿನೊಂದಿಗೂ ಕೇಳಿಬರುತ್ತಿವೆ. ರಘು ದೀಕ್ಷಿತ್ ಅವರು 2008ರಲ್ಲಿ ಹೊರತಂದ ಧ್ವನಿಮುದ್ರಿಕೆಯಲ್ಲಿ ಶರೀಫರ ಪದವನ್ನು ಬ್ಯಾಂಡಿನ ವಾದ್ಯಗಳೊಡನೆ ಹಾಡಿ ದೇಶವಿದೇಶಗಳ ಕೇಳುಗರಿಗೆ ಮುಟ್ಟಿಸಿದರು. ಜಾತ್ರೆ, ಗಣೇಶೋತ್ಸವ, ಮದುವೆಗಳಲ್ಲಿ ಹಾಡುವ ರಸಮಂಜರಿ ತಂಡಗಳಲ್ಲಿಯೂ ಕೀಬೋರ್ಡು, ಪ್ಯಾಡುಗಳ ಜೊತೆಗೆ ಗಿಟಾರಿಗೆ ಸ್ಥಾನವಿದೆ. ಈ ತಂಡಗಳ ಕಲಾವಿದರ ಬಳಿ ಇರುವುದು ಬಹುಮಟ್ಟಿಗೆ ಕಡಿಮೆ ಬೆಲೆಯ ಗಿಟಾರುಗಳು. ಮರವೂ ಹಿಡಿಯೂ ಚೆನ್ನಾಗಿದ್ದು ಪಿಕಪ್ ಮಾತ್ರ ಸಾಧಾರಣವಾಗಿರುವ ಗಿಟಾರಿಗೆ ಒಳ್ಳೆಯ ಬದಲಿ ಪಿಕಪ್ ಹಾಕಿದರೆ ಹೊಸ ಗಿಟಾರಿನ ಖರ್ಚು ಉಳಿಯುತ್ತದೆ. ಹಾಡುಗಾರಿಕೆಯಿಂದಲೇ ಸಂಸಾರ ನಡೆಸುವ ಕಲಾವಿದನಿಗೆ ಈ ಉಳಿತಾಯ ಸಣ್ಣದಲ್ಲ. ಹಾಗೆಯೇ ಕೆಟ್ಟ ಪಿಕಪ್‌ನಿಂದ ಹಬ್ಬದ ದಿನ ವೇದಿಕೆಯ ಮೇಲೆ ವಾದ್ಯ ನಿಂತರೆ ಆಗುವ ನಷ್ಟವೂ ಸಣ್ಣದಲ್ಲ.

ನಮ್ಮ ಬಯಲು ವೇದಿಕೆಗಳ ಪರಿಸ್ಥಿತಿ ಸ್ಟುಡಿಯೋದಂತಿರುವುದಿಲ್ಲ. ಜನರೇಟರಿನ ವಿದ್ಯುತ್, ಸೀರಿಯಲ್ ದೀಪಗಳು, ಬೆಳಕನ್ನು ಏರಿಳಿಸುವ ಡಿಮ್ಮರುಗಳು, ಸರಿಯಾದ ಅರ್ಥಿಂಗ್ ಇಲ್ಲದ ಸಂಪರ್ಕ ಇವೆಲ್ಲ ಸೇರಿ ಗುಂಯ್‌ಗುಟ್ಟುವಿಕೆಯನ್ನು ಹೆಚ್ಚಿಸುತ್ತವೆ. ಆದುದರಿಂದ ಇಂತಹ ವೇದಿಕೆಗೆ ಹೋಗುವ ಕಲಾವಿದನಿಗೆ ಸಿಂಗಲ್ ಕಾಯಿಲ್‌ಗಿಂತ ಹಂಬಕರ್ ಮಾದರಿ ಹೆಚ್ಚು ಅನುಕೂಲ. ಸಿಂಗಲ್ ಕಾಯಿಲ್‌ನ ಕುಳಿಯಲ್ಲಿಯೇ ಕೂರುವ ಕಿರಿದಾದ ಹಂಬಕರುಗಳೂ ದೊರೆಯುತ್ತವೆ. ಗ್ರಾಹಕನು ಯಾವ ವೇದಿಕೆಯಲ್ಲಿ ಬಾರಿಸುತ್ತಾನೆಂದು ಮೊದಲು ಕೇಳುವ ಅಂಗಡಿಕಾರನಿಗೆ ಮುಂದಿನ ಅರ್ಧ ದೂರುಗಳು ಬರುವುದೇ ಇಲ್ಲ.

ಕೊಳ್ಳುವ ಮುನ್ನ ಕೇಳಬೇಕಾದ ವಿವರಗಳು

ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣ, ಶುದ್ಧತೆ ಮುಂತಾದವುಗಳನ್ನು ಮುದ್ರಿಸಬೇಕೆಂಬುದು 1966ರ ಬೀಜ ಕಾಯಿದೆಯ ಆಶಯ. ಗಿಟಾರ್ ಪಿಕಪ್‌ಗೆ ಅಂತಹ ಕಾಯಿದೆಯಿಲ್ಲ. ಆದರೆ ಬೀಜದ ಚೀಟಿಯನ್ನು ಓದಿ ಅಭ್ಯಾಸವಿರುವ ನಾವು ಅದೇ ಬಗೆಯ ಚೀಟಿಯನ್ನು ಪಿಕಪ್ ಮಾರುವವನಿಂದ ಕೇಳಿ ಪಡೆಯಬಹುದು. ಅದರಲ್ಲಿ ಈ ಕೆಳಗಿನ ವಿವರಗಳಿರಲಿ.

1. ರೋಧ. ಸಾಧಾರಣ ಸಿಂಗಲ್ ಕಾಯಿಲ್‌ಗೆ ಸುಮಾರು 5.5ರಿಂದ 6.5 ಕಿಲೋ ಓಮ್, ಹಳೆಯ ಮಾದರಿಯ ಹಂಬಕರ್‌ಗೆ ಸುಮಾರು 7.5ರಿಂದ 8.5, ಹೆಚ್ಚಿನ ಬಲದ ಹಂಬಕರ್‌ಗೆ 13ರಿಂದ 16 ಕಿಲೋ ಓಮ್ ಸಾಮಾನ್ಯ.

2. ತಂತಿಯ ದಪ್ಪ. ರೋಧದ ಅಂಕಿಯನ್ನು ಮಾತ್ರ ನೋಡಿ ‘ಹೆಚ್ಚು ಓಮ್, ಹೆಚ್ಚು ಬಲ’ ಎಂದು ತಿಳಿಯುವುದು ತಪ್ಪು. ತಂತಿಯನ್ನು ತೆಳುವಾಗಿಸಿದರೆ ಸುತ್ತು ಹೆಚ್ಚಿಸದೆಯೇ ಓಮ್ ಏರುತ್ತದೆ. ಅಮೆರಿಕನ್ ಅಳತೆಯ 42ನೇ ನಂಬರಿನ ಬದಲು 44ನೇ ನಂಬರಿನ ತಂತಿ ಬಳಸಿದರೆ ಅಷ್ಟೇ ಉದ್ದಕ್ಕೆ ರೋಧ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ತೇವದ ಮೆಣಸಿನಕಾಯಿ ತೂಕದಲ್ಲಿ ಹೆಚ್ಚು ತೋರುವಂತೆಯೇ ಇದು. ಒಂದೇ ಅಂಕಿಯನ್ನು ನಂಬಿದವನು ಮೋಸಹೋಗುತ್ತಾನೆ. ಸಾಧ್ಯವಾದರೆ ಹೆನ್ರಿ ಮಾನದಲ್ಲಿ ಇಂಡಕ್ಟೆನ್ಸ್‌ನ ಅಂಕಿಯನ್ನೂ ಕೇಳಬೇಕು. ಸುತ್ತುಗಳ ಸಂಖ್ಯೆ ಎಷ್ಟೆಂಬುದನ್ನು ಅದು ರೋಧಕ್ಕಿಂತ ಚೆನ್ನಾಗಿ ತಿಳಿಸುತ್ತದೆ.

3. ಅಯಸ್ಕಾಂತದ ಜಾತಿ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್, ಕಬ್ಬಿಣಗಳ ಮಿಶ್ರಲೋಹವಾದ ಆಲ್ನಿಕೊ, ಅಥವಾ ಸೆರಾಮಿಕ್. ಸೆರಾಮಿಕ್ ಅಗ್ಗವೆಂಬುದು ನಿಜವಾದರೂ ಕೀಳೆಂದು ಹೇಳಲಾಗದು; ಹೆಸರುವಾಸಿ ಪಿಕಪ್‌ಗಳಲ್ಲಿಯೂ ಅದನ್ನು ಬಳಸುತ್ತಾರೆ. ಆದರೆ ಆಲ್ನಿಕೊ ಎಂದು ಹೇಳಿ ಸೆರಾಮಿಕ್ ಕೊಡುವುದು ವಂಚನೆ.

4. ತಂತಿಗಳ ಅಂತರ. ಗಿಟಾರಿನ ಮೊದಲನೆಯ ಹಾಗೂ ಆರನೆಯ ತಂತಿಗಳ ನಡುವಿನ ಅಂತರಕ್ಕೆ ಪಿಕಪ್‌ನ ಕಂಬಗಳ ಅಂತರ ಹೊಂದಬೇಕು. ಹಂಬಕರುಗಳಲ್ಲಿ ಸುಮಾರು 49ರಿಂದ 50 ಮಿಲಿಮೀಟರಿನವೂ 52ರಿಂದ 53 ಮಿಲಿಮೀಟರಿನವೂ ಇರುತ್ತವೆ. ಅಳೆಯದೆ ತರಿಸಿದರೆ ಅಂಚಿನ ತಂತಿಗಳು ಕಂಬದ ಮೇಲೆ ಬಾರದೆ ಹೋಗಬಹುದು.

5. ಹೊರತಂತಿಗಳ ಬಣ್ಣದ ವಿವರ. ಇದು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಸೀಮೋರ್ ಡಂಕನ್‌ನಲ್ಲಿ ಕಪ್ಪು ತಂತಿ ಸಂಕೇತ ಒಯ್ಯುವುದು. ಡಿಮಾರ್ಜಿಯೊದಲ್ಲಿ ಆ ಕೆಲಸ ಕೆಂಪು ತಂತಿಯದು. ಅಪರಿಚಿತ ತಯಾರಕನು ಯಾವ ಪದ್ಧತಿ ಅನುಸರಿಸಿದ್ದಾನೆಂದು ತಿಳಿಯದೆ ಬೆಸುಗೆ ಹಾಕಬಾರದು.

6. ಮೇಣ ತುಂಬಿದೆಯೇ? ಸುರುಳಿಯ ತಂತಿಗಳು ಸಡಿಲವಾಗಿದ್ದರೆ ದೊಡ್ಡ ಧ್ವನಿಯಲ್ಲಿ ಅವೇ ಕಂಪಿಸಿ ಕಿವಿಗಡಚಿಕ್ಕುವ ಸೀಟಿ ಹೊರಡುತ್ತದೆ. ಇದನ್ನು ತಪ್ಪಿಸಲು ಪಿಕಪ್ಪನ್ನು ಕರಗಿದ ಮೇಣದಲ್ಲಿ ಅದ್ದಿ ತೆಗೆಯುವ ಪದ್ಧತಿಯಿದೆ. ವೇದಿಕೆಗೆ ಹೋಗುವ ಪಿಕಪ್‌ಗೆ ಇದು ಅಗತ್ಯ.

ಈ ಆರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡುವ ತಯಾರಕನು, ಹೆಸರು ಕೇಳದವನಾದರೂ, ವ್ಯವಹಾರಕ್ಕೆ ಯೋಗ್ಯನು. ‘ಬಹಳ ಚೆನ್ನಾಗಿದೆ, ತೆಗೆದುಕೊಳ್ಳಿ’ ಎಂದಷ್ಟೇ ಹೇಳುವವನಿಂದ ದೂರವಿರುವುದು ಕ್ಷೇಮ.

ಸರಕು ಬಂದ ಮೇಲೆ ಮೇಜಿನ ಮೇಲಿನ ಪರೀಕ್ಷೆ

ಪಿಕಪ್ಪನ್ನು ಗಿಟಾರಿನೊಳಗೆ ಕೂರಿಸುವ ಮುನ್ನವೇ ಹತ್ತು ನಿಮಿಷದ ಪರೀಕ್ಷೆ ಮಾಡಬಹುದು. ಯಾವುದೇ ವಿದ್ಯುತ್ ಅಂಗಡಿಯಲ್ಲಿರುವ ಮಲ್ಟಿಮೀಟರ್ ಇದಕ್ಕೆ ಸಾಕು.

ಮೊದಲು ರೋಧವನ್ನು ಅಳೆಯಬೇಕು. ಮೀಟರು ಏನನ್ನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ ಎಂದರ್ಥ. ಚೀಟಿಯ ಅಂಕಿಗಿಂತ ಬಹಳ ಕಡಿಮೆ ತೋರಿಸಿದರೆ ಸುತ್ತುಗಳ ನಡುವೆ ಎನಾಮಲ್ ಕಿತ್ತು ಒಂದಕ್ಕೊಂದು ತಾಗಿರುವ ಸಾಧ್ಯತೆಯಿದೆ. ಇಲ್ಲಿ ನಮ್ಮ ಬೇಸಿಗೆಯನ್ನು ಗಣನೆಗೆ ತೆಗೆದುಕೊಳ್ಳುವುದು ಅವಶ್ಯ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 8 ಕಿಲೋ ಓಮ್ ತೋರಿಸಿದ ಪಿಕಪ್ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯಲ್ಲಿ ಸುಮಾರು 8.56 ತೋರಿಸುತ್ತದೆ. ಇದನ್ನು ತಿಳಿಯದವರು ತಯಾರಕನ ಮೇಲೆ ವೃಥಾ ಆರೋಪ ಹೊರಿಸುವ ಸಂಭವವಿದೆ. ಬೆಳಗಿನ ತಂಪಿನಲ್ಲಿ, ಎಲ್ಲ ಪಿಕಪ್‌ಗಳನ್ನೂ ಒಟ್ಟಿಗೆ ಅಳೆಯುವುದು ಒಳ್ಳೆಯದು. ಆಗ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇ ಮುಖ್ಯವಾಗುತ್ತದೆ. ಒಂದೇ ಮಾದರಿಯ ಹತ್ತು ಪಿಕಪ್‌ಗಳು ಹತ್ತಿರ ಹತ್ತಿರದ ಅಂಕಿ ತೋರಿಸಿದರೆ ತಯಾರಕನ ಕೈ ಸ್ಥಿರವಾಗಿದೆಯೆಂದು ತಿಳಿಯಬಹುದು.

ಎರಡನೆಯದು ದಿಕ್ಕಿನ ಪರೀಕ್ಷೆ. ಬೇರೆ ಬೇರೆ ತಯಾರಕರ ಎರಡು ಪಿಕಪ್‌ಗಳನ್ನು ಒಂದೇ ಗಿಟಾರಿನಲ್ಲಿ ಹಾಕಿದಾಗ ಅವುಗಳ ಸಂಕೇತ ಪರಸ್ಪರ ವಿರುದ್ಧವಾಗಿದ್ದರೆ, ಎರಡನ್ನೂ ಒಟ್ಟಿಗೆ ಬಳಸಿದಾಗ ಧ್ವನಿ ಸೊರಗಿ ತಗಡಿನಂತೆ ಕೇಳಿಸುತ್ತದೆ. ಮುಳ್ಳಿನ ಮೀಟರಿಗೆ ಪಿಕಪ್ ಜೋಡಿಸಿ, ಕಬ್ಬಿಣದ ಸ್ಕ್ರೂಡ್ರೈವರನ್ನು ಕಂಬಕ್ಕೆ ತಾಗಿಸಿ ಥಟ್ಟನೆ ಎಳೆದರೆ ಮುಳ್ಳು ಯಾವ ಕಡೆ ಜಿಗಿಯುತ್ತದೆಂದು ಕಾಣುತ್ತದೆ. ಎರಡು ಪಿಕಪ್‌ಗಳಲ್ಲಿಯೂ ಒಂದೇ ಕಡೆ ಜಿಗಿದರೆ ಸರಿ. ಇಲ್ಲದಿದ್ದರೆ ಒಂದರ ತಂತಿಗಳನ್ನು ಅದಲುಬದಲು ಮಾಡಬೇಕು. ಆದರೆ ಲೋಹದ ಮುಚ್ಚಳ ಮತ್ತು ನೆಲತಂತಿ ಒಂದಾಗಿರುವ ಎರಡು ತಂತಿಯ ಪಿಕಪ್‌ನಲ್ಲಿ ಹಾಗೆಯೇ ಅದಲುಬದಲು ಮಾಡಿದರೆ ಮುಚ್ಚಳಕ್ಕೆ ಸಂಕೇತ ಹರಿದು ಸದ್ದು ಹೆಚ್ಚುತ್ತದೆ. ಮೊದಲು ಮುಚ್ಚಳದ ಸಂಪರ್ಕವನ್ನು ಬೇರ್ಪಡಿಸಬೇಕು. ಮೂರು ಸಿಂಗಲ್ ಕಾಯಿಲ್‌ಗಳ ಗಿಟಾರಿನಲ್ಲಿ ನಡುವಿನದರ ಅಯಸ್ಕಾಂತವೂ ಸುತ್ತೂ ಎರಡೂ ಉಳಿದವುಗಳಿಗೆ ವಿರುದ್ಧವಾಗಿದ್ದರೆ ಜೋಡಿಯಾಗಿ ಬಳಸಿದಾಗ ಗುಂಯ್‌ಗುಟ್ಟುವಿಕೆ ಅಡಗುತ್ತದೆ. ಆದುದರಿಂದ ಮೂರನ್ನೂ ಒಬ್ಬನೇ ತಯಾರಕನಿಂದ ಜೋಡಿಯಾಗಿ ಕೊಳ್ಳುವುದು ಲೇಸು.

ಮೂರನೆಯದಾಗಿ, ಗಿಟಾರಿನಲ್ಲಿ ಈಗಾಗಲೇ ಇರುವ ವಾಲ್ಯೂಮ್ ಕಂಟ್ರೋಲನ್ನು ನೋಡಬೇಕು. ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಹಂಬಕರ್‌ಗೆ 500 ಕಿಲೋ ಓಮ್ ರೂಢಿ. ಹಂಬಕರ್ ಹಾಕಿ 250 ಕಿಲೋ ಓಮ್‌ನದನ್ನೇ ಉಳಿಸಿಕೊಂಡರೆ ಧ್ವನಿ ಮಂಕಾಗುತ್ತದೆ; ದೂರು ಮಾತ್ರ ಪಿಕಪ್‌ನ ಮೇಲೆ ಬರುತ್ತದೆ.

ಕೊನೆಯ ತೀರ್ಪು ಕಿವಿಯದು. ಹೊಸ ಪಿಕಪ್ ಕೂರಿಸಿದ ಮೇಲೆ ಅದೇ ತಂತಿ, ಅದೇ ಆಂಪ್ಲಿಫೈಯರ್, ಅದೇ ಹಾಡು ಇಟ್ಟುಕೊಂಡು ಮೊದಲಿನದರ ಧ್ವನಿಮುದ್ರಣದೊಂದಿಗೆ ಹೋಲಿಸಬೇಕು. ಯಾವುದು ಯಾವ ಕಂಪನಿಯದೆಂದು ಕೇಳುವವರಿಗೆ ಹೇಳದಿದ್ದರೆ ಅಭಿಪ್ರಾಯ ಪ್ರಾಮಾಣಿಕವಾಗಿರುತ್ತದೆ. ಪಿಕಪ್ ತಂತಿಗೆ ಹತ್ತಿರವಾದಷ್ಟೂ ಧ್ವನಿ ಜೋರಾಗುವುದರಿಂದ ಎರಡರ ಎತ್ತರವೂ ಸಮನಾಗಿರಬೇಕು. ಜೋರಾದುದೆಲ್ಲ ಇಂಪಾಗಿ ತೋರುವುದು ಕಿವಿಯ ಸ್ವಭಾವ. ನಂತರ ವೇದಿಕೆಯಷ್ಟೇ ದೊಡ್ಡ ಧ್ವನಿಯಲ್ಲಿ ಒಮ್ಮೆ ಬಾರಿಸಿ ಸೀಟಿ ಬರುತ್ತದೆಯೇ ಎಂದು ಪರೀಕ್ಷಿಸಿದರೆ ಕೆಲಸ ಮುಗಿಯಿತು.

ಅಂಗಡಿಕಾರನ ಲೆಕ್ಕ

ಅಗ್ಗದ ಪಿಕಪ್‌ನ ನಿಜವಾದ ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ. ಕೇವಲ ಉದಾಹರಣೆಗಾಗಿ ಒಂದು ಲೆಕ್ಕ ನೋಡೋಣ. ತಲಾ 1,500 ರೂಪಾಯಿಯಂತೆ ಹತ್ತು ಪಿಕಪ್ ತರಿಸಿದರೆ 15,000 ರೂಪಾಯಿ. ಅವುಗಳಲ್ಲಿ ಎರಡು ಕೆಟ್ಟವೆಂದು ಗ್ರಾಹಕರ ಗಿಟಾರಿಗೆ ಕೂರಿಸಿದ ಮೇಲೆ ತಿಳಿಯಿತೆನ್ನೋಣ. ಅವುಗಳನ್ನು ಹಾಕಿ ತೆಗೆದ ಮಜೂರಿ ತಲಾ 400ರಂತೆ 800 ರೂಪಾಯಿ. ಮರಳಿ ಕಳುಹಿಸಲು ದಾರಿಯಿಲ್ಲದಿದ್ದರೆ ಒಟ್ಟು 15,800 ರೂಪಾಯಿಯನ್ನು ಎಂಟು ಪಿಕಪ್‌ಗಳ ಮೇಲೆ ಹಂಚಬೇಕು. ಆಗ ಒಂದಕ್ಕೆ ಬೀಳುವುದು 1,975 ರೂಪಾಯಿ. ಬೆಲೆ ಸುಮಾರು ಮೂರರಲ್ಲಿ ಒಂದು ಪಾಲು ಏರಿತು. ಗ್ರಾಹಕನ ಅಸಮಾಧಾನ ಇದರ ಹೊರಗೆ.

ಅದೇ ಎರಡು ಪಿಕಪ್‌ಗಳ ದೋಷ ಮೇಜಿನ ಮೇಲೆಯೇ ಗೊತ್ತಾಗಿದ್ದರೆ 800 ರೂಪಾಯಿ ಉಳಿಯುತ್ತಿತ್ತು. ಬದಲಿ ಕೊಡುವ ಕರಾರು ಲಿಖಿತವಾಗಿದ್ದರೆ ಸಾಗಣೆಯ ಹೊರತು ಬೇರೆ ನಷ್ಟವೇ ಇರುತ್ತಿರಲಿಲ್ಲ. ಆದ್ದರಿಂದ ಮೊದಲ ಸಲ ಎರಡನ್ನೇ ತರಿಸುವುದು, ಬಿಲ್ಲು ಪಡೆಯುವುದು, ಬಂದ ದಿನವೇ ಅಳೆದು ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುವುದು, ಬದಲಿಯ ಅವಧಿಯೊಳಗೆ ದೋಷವನ್ನು ತಿಳಿಸುವುದು ಈ ನಾಲ್ಕು ನಿಯಮಗಳನ್ನು ಪಾಲಿಸಬೇಕು. ಎರಡನೆಯ ಸಲ ಬಂದ ಸರಕೂ ಮೊದಲಿನ ಅಂಕಿಗಳಿಗೆ ಹೊಂದಿದರೆ ಮಾತ್ರ ಪ್ರಮಾಣ ಹೆಚ್ಚಿಸಬೇಕು. ಮಾದರಿಗೆ ಒಂದು, ಸರಬರಾಜಿಗೆ ಇನ್ನೊಂದು ಎಂಬ ಚಾಳಿ ಯಾವ ವ್ಯಾಪಾರದಲ್ಲಿಲ್ಲ?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಸೇರಿದರೂ ಈ ವಸ್ತುವೊಂದನ್ನೇ ನಂಬಿ ಅಂಗಡಿ ತೆರೆಯುವಷ್ಟು ಗಿರಾಕಿಯಿಲ್ಲ. ಇರುವ ವಾದ್ಯ ಅಥವಾ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೂರಿಸುವ ಸೇವೆಯೊಂದಿಗೆ ಇದನ್ನು ಸೇರಿಸಿಕೊಂಡರೆ ಲಾಭದಾಯಕ. ಪಿಕಪ್ಪನ್ನು ದೂರದಿಂದ ಯಾರು ಬೇಕಾದರೂ ತರಿಸಬಹುದು. ಅದನ್ನು ಅಳೆದು, ಸರಿಯಾಗಿ ಕೂರಿಸಿ, ತೊಂದರೆಯಾದರೆ ನೋಡಿಕೊಡುವವರು ಹತ್ತಿರದಲ್ಲಿಯೇ ಬೇಕು.

ರಿವೈಂಡಿಂಗ್ ಬಲ್ಲವರಿಗೆ ಒಂದು ಅವಕಾಶ

ಪಂಪ್‌ಸೆಟ್ಟುಗಳ ಮೋಟಾರನ್ನು ಮತ್ತೆ ಸುತ್ತುವ ಕುಶಲ ಕೆಲಸಗಾರರು ನಮ್ಮ ಪಟ್ಟಣಗಳಲ್ಲಿದ್ದಾರೆ. ತಾಮ್ರದ ತಂತಿ, ಎನಾಮಲ್, ಸುತ್ತಿನ ಎಣಿಕೆ, ರೋಧದ ಅಳತೆ ಇವೆಲ್ಲ ಅವರಿಗೆ ಪರಿಚಿತ. ಕಡಿದುಹೋದ ಹಳೆಯ ಪಿಕಪ್‌ಗಳನ್ನು ಮತ್ತೆ ಸುತ್ತಿಕೊಡುವುದರಿಂದ ಈ ಕೆಲಸವನ್ನು ಆರಂಭಿಸಬಹುದು. ಇದಕ್ಕೆ ಬೇಕಾದದ್ದು ವೇಗ ಹೊಂದಿಸಬಹುದಾದ ಸಣ್ಣ ಮೋಟಾರು, ಸುತ್ತು ಎಣಿಸುವ ಕೌಂಟರು, ತಂತಿಯ ಬಿಗಿಯನ್ನು ಸಮನಾಗಿಡುವ ವ್ಯವಸ್ಥೆ ಮತ್ತು ಬಹಳಷ್ಟು ತಾಳ್ಮೆ. ಮೋಟಾರಿನ ತಂತಿಯಂತೆ ಇದನ್ನು ಎಳೆದರೆ ಕ್ಷಣದಲ್ಲಿ ಕಡಿಯುತ್ತದೆ. ಸಡಿಲ ಬಿಟ್ಟರೆ ಸೀಟಿ ಹೊಡೆಯುತ್ತದೆ.

ತಂತಿ ಕೊಳ್ಳುವಾಗ ನಂಬರಿನ ಗೊಂದಲಕ್ಕೆ ಒಳಗಾಗಬಾರದು. ಪಿಕಪ್ ಪುಸ್ತಕಗಳಲ್ಲಿ ಹೇಳುವ 42 ಅಮೆರಿಕನ್ ಅಳತೆಯದು. ನಮ್ಮಲ್ಲಿ ರೂಢಿಯಲ್ಲಿರುವ ಬ್ರಿಟಿಷ್ ಅಳತೆಯ 42ನೇ ನಂಬರಿನ ತಂತಿ ಸುಮಾರು 0.10 ಮಿಲಿಮೀಟರ್ ದಪ್ಪವಿದ್ದು ಈ ಕೆಲಸಕ್ಕೆ ಬಾರದು. ಬ್ರಿಟಿಷ್ ಅಳತೆಯಲ್ಲಿ ಅದಕ್ಕೆ ಸಮೀಪದ್ದು 46ನೇ ನಂಬರು. ಅಂಗಡಿಯಲ್ಲಿ ನಂಬರು ಹೇಳದೆ ಮಿಲಿಮೀಟರಿನಲ್ಲಿ ಕೇಳುವುದೇ ಸುರಕ್ಷಿತ.

ಸ್ವಂತ ಪಿಕಪ್ ತಯಾರಿಸಲು ಮುಂದಾಗುವವರು ಬೇರೆಯವರ ಹೆಸರನ್ನಾಗಲಿ ಗುರುತನ್ನಾಗಲಿ ಅನುಕರಿಸಬಾರದು. ಹಂಬಕರ್‌ನ ಎರಡೂ ಸುರುಳಿಗಳನ್ನು ಕೆನೆಬಣ್ಣದಲ್ಲಿ ಮಾಡುವುದಕ್ಕೆ ಡಿಮಾರ್ಜಿಯೊ ಕಂಪನಿ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಪಡೆದಿದೆ. ಬಣ್ಣವೂ ಆಸ್ತಿಯಾಗಬಲ್ಲದೆಂಬುದನ್ನು ರಫ್ತಿನ ಆಸೆಯಿರುವವರು ನೆನಪಿನಲ್ಲಿಡಬೇಕು. ನಮ್ಮ ದೇಶದಲ್ಲಿ 1999ರ ಟ್ರೇಡ್‌ಮಾರ್ಕ್ ಕಾಯಿದೆಯಡಿ ಸ್ವಂತ ಹೆಸರನ್ನು ನೋಂದಾಯಿಸಿಕೊಳ್ಳಲು ಅವಕಾಶವಿದೆ. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿಯೂ 2020ರಿಂದ ಆನ್‌ಲೈನ್ ಮೂಲಕ ಉಚಿತವಾಗಿ ದೊರೆಯುತ್ತಿದೆ.

ಇಂತಹ ಸಾಹಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದಾಗ, ಮೀಟಿ ನುಡಿಸುವ ತಂಬೂರಿಯ ನಾದಕ್ಕೆ ಒಗ್ಗಿದ್ದ ಸಂಗೀತಗಾರರ ಮುಂದೆ ಅದೊಂದು ಅಪರಿಚಿತ ವಸ್ತು. ಅವರ ಬೆಂಗಳೂರಿನ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಇಂದು ಕಚೇರಿಗಳ ವೇದಿಕೆಯಲ್ಲಿಯೂ ಪಾಠಶಾಲೆಗಳಲ್ಲಿಯೂ ಸಹಜವೆಂಬಂತೆ ಕೂತಿವೆ. ಶ್ರುತಿ ತಪ್ಪದೆ ಪ್ರತಿದಿನವೂ ಒಂದೇ ರೀತಿ ನುಡಿಯುವ ಗುಣ ಅವುಗಳಿಗೆ ಹೆಸರು ತಂದುಕೊಟ್ಟಿತು.

ಸಣ್ಣ ತಯಾರಕನು ಮಾಡಬೇಕಾದದ್ದು ಇಷ್ಟೇ: ಪ್ರತಿ ಪಿಕಪ್ಪನ್ನೂ ಅಳೆದು, ರೋಧ, ತಂತಿ, ಅಯಸ್ಕಾಂತ, ಅಂತರ, ಬಣ್ಣದ ವಿವರ, ತಯಾರಿಸಿದ ದಿನಾಂಕಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಚೀಟಿಯನ್ನು ಅದರೊಡನೆ ಇಡುವುದು, ಅಳತೆ ಎಷ್ಟು ಡಿಗ್ರಿ ಉಷ್ಣಾಂಶದಲ್ಲಿ ಆಯಿತೆಂದು ನಮೂದಿಸುವುದು, ದೋಷವಿದ್ದರೆ ವಾದವಿಲ್ಲದೆ ಬದಲಿ ಕೊಡುವುದು. ಈ ಚೀಟಿಯ ಖರ್ಚು ಕೆಲವು ಪೈಸೆ. ದೊಡ್ಡ ಕಂಪನಿಗಳ ಜಾಹೀರಾತಿಗೆ ಅಪರಿಚಿತನು ಕೊಡಬಹುದಾದ ಉತ್ತರ ಇದಕ್ಕಿಂತ ಬೇರೆಯಿಲ್ಲ.

ಕೊಳ್ಳುವವರು ಅಳೆದು ಕೊಳ್ಳಲಿ, ಮಾರುವವರು ಅಳೆದು ಕೊಡಲಿ. ಆಗ ಹೆಸರಿಲ್ಲದವನಿಗೂ ನ್ಯಾಯವಾದ ದರ ಸಿಗುತ್ತದೆ, ಹೆಸರಿನ ನೆರಳಿನಲ್ಲಿ ಕಳಪೆ ಮಾರುವವನಿಗೆ ಪೇಟೆಯಲ್ಲಿ ಜಾಗವಿರುವುದಿಲ್ಲ. ಮೆಣಸಿನಕಾಯಿಯ ರಾಶಿಯಲ್ಲಿ ನಾವು ಪಾಲಿಸಿಕೊಂಡು ಬಂದಿರುವ ಈ ರೂಢಿಯನ್ನು ಹೊಸ ಸರಕುಗಳಿಗೂ ವಿಸ್ತರಿಸಲು ಸದಸ್ಯ ಬಾಂಧವರು ಮನಸ್ಸು ಮಾಡಬೇಕು. ವಾದ್ಯ ವ್ಯಾಪಾರದಲ್ಲಿರುವವರೂ ರಿವೈಂಡಿಂಗ್ ವೃತ್ತಿಯವರೂ ಒಂದು ದಿನ ಒಟ್ಟಿಗೆ ಕುಳಿತು, ಒಂದು ಹಳೆಯ ಗಿಟಾರು, ಎರಡು ಪಿಕಪ್, ಒಂದು ಮೀಟರು ಇಟ್ಟುಕೊಂಡು ಪ್ರಯೋಗ ಮಾಡಿದರೆ ಅದೇ ಒಳ್ಳೆಯ ಪ್ರಾರಂಭವಾದೀತು.